ಅಪ್ಪನ ಹೆಸರಿಲ್ಲದ ಪಟ್ಟಿ

ಹುಣಸೇಕಟ್ಟೆ ದೊಡ್ಡಿಯ ಸರ್ಕಾರಿ ಶಾಲೆಯಲ್ಲಿ ನಾನು ಬಿಸಿಯೂಟದ ಸಹಾಯಕಿ. ಹೆಸರು ಕುಸುಮ. ನಮ್ಮ ದೊಡ್ಡಿ ಕೂಟಗಲ್ ಹೋಬಳಿಗೆ ಸೇರಿದ್ದು. ಶಾಲೆಯಲ್ಲಿ ಒಂದರಿಂದ ಏಳನೇ ಕ್ಲಾಸಿನವರೆಗೆ ನಲವತ್ತೊಂದು ಮಕ್ಕಳು ಓದುತ್ತಾರೆ.

ಬಡಿಸುವವರಿಗೆ ಮಕ್ಕಳ ಮುಖಕ್ಕಿಂತ ತಟ್ಟೆ ಮೊದಲು ಕಾಣುತ್ತದೆ. ಬಗ್ಗಿಕೊಂಡು ಸಾರು ಹಾಕುತ್ತಾ ಸಾಲಿನಲ್ಲಿ ಮುಂದೆ ಹೋಗುತ್ತೇನೆ. ಯಾರ ತಟ್ಟೆಯ ಅಂಚು ನೆಗ್ಗಿದೆ, ಯಾರು ಅನ್ನದ ಮಧ್ಯೆ ಗುಳಿ ಮಾಡಿಕೊಂಡು ಸಾರಿಗೆ ಕಾಯುತ್ತಾರೆ, ಯಾರು ‘ಅಕ್ಕ, ತಳದಿಂದ ಹಾಕು’ ಅನ್ನುತ್ತಾರೆ, ಎಲ್ಲ ನನಗೆ ಗೊತ್ತು. ನನಗೆ ಮಾತು ಕಡಿಮೆ. ಹಾಗಾಗಿ ನೋಡುವುದೇ ರೂಢಿಯಾಗಿದೆ.

ಡಿಸೆಂಬರ್ ಮೊದಲ ವಾರದಿಂದ ಸಾಲಿನಲ್ಲಿ ಒಂದು ತಟ್ಟೆ ಕಾಣಲಿಲ್ಲ.

ಮೊದಲು ನನಗೂ ಅದು ಹೊಳೆಯಲಿಲ್ಲ. ಹೊಳೆದದ್ದು ಜನವರಿಯಲ್ಲಿ, ನಲ್ಲಿಯ ಹತ್ತಿರ. ಊಟ ಮುಗಿದ ಮೇಲೆ ಮಕ್ಕಳು ಅಲ್ಲಿ ತಟ್ಟೆ ತೊಳೆಯಲು ನೂಕಾಡುತ್ತಾರೆ. ಆವತ್ತು ಅವರೆಕಾಯಿ ಸಾರು. ಎಲ್ಲರ ತಟ್ಟೆಯ ನೀರೂ ಹಳದಿಯಾಗಿ ಚರಂಡಿಗೆ ಹೋಗುತ್ತಿತ್ತು. ಆರನೇ ಕ್ಲಾಸಿನ ಅನು ತನ್ನ ತಟ್ಟೆಗೆ ನೀರು ಹಿಡಿದಳು, ಕೈಯಿಂದ ಎರಡು ಸುತ್ತು ಉಜ್ಜಿದಳು, ಚೆಲ್ಲಿದಳು. ಆ ನೀರು ಮಾತ್ರ ಹಿಡಿದ ಹಾಗೆಯೇ ತಿಳಿಯಾಗಿ ಬಿತ್ತು. ತಟ್ಟೆಯನ್ನು ಲಂಗಕ್ಕೆ ಒರೆಸಿಕೊಂಡು, ಉಂಡು ಬಂದವರ ಜೊತೆ ಕ್ಲಾಸಿಗೆ ಹೋದಳು.

ಮಾರನೆಯ ದಿನವೂ ಹಾಗೆಯೇ ಆಯಿತು. ಅದರ ಮಾರನೆಯ ದಿನವೂ.

ನಮ್ಮ ಮುಖ್ಯ ಅಡುಗೆಯವರು ಸರಸಮ್ಮ. ಬಾಯಿ ಜೋರು, ಮನಸ್ಸು ಮೆದು. ಅವರಿಗೆ ಹೇಳಿದೆ.

“ಸರಸಕ್ಕ, ಅನು ಉಣ್ತಾ ಇಲ್ಲ.”

“ಯಾವ ಅನು? ಕುರಿ ಬೀರಲಿಂಗಯ್ಯನ ಮಗಳಾ? ಈಗ್ತಾನೆ ತಟ್ಟೆ ತೊಳುದ್ಲಲ್ಲ!”

“ಖಾಲಿ ತಟ್ಟೆ ತೊಳುದ್ಲು.”

“ಅಬ್ಬಬ್ಬಾ! ನಿಂದೇನು ಕಣ್ಣೋ ಸಿಸಿ ಕ್ಯಾಮೆರಾನೋ? ಬಾಯಿಗೆ ಮಾತ್ರ ಬೀಗ ಜಡ್ಕೊಂಡಿದ್ದೀಯ. ನೋಡ್ದೋಳು ಅವಳ್ನೇ ಹೋಗಿ ಕೇಳಮ್ಮಿ. ನನ್ನ ಕೇಳುದ್ರೆ ನಾನೇನು ಅವಳ ಹೊಟ್ಟೆ ಒಳಗೆ ಕೂತಿದ್ದೀನಾ?”

ಮಾರನೆಯ ದಿನ ಬಡಿಸುವುದನ್ನು ಸರಸಮ್ಮನಿಗೆ ಬಿಟ್ಟು ಹಿಂದೆ ಹೋದೆ. ನೀರಿನ ತೊಟ್ಟಿಯ ಆಚೆ ಬದಿಗೆ, ಯಾರಿಗೂ ಕಾಣದ ಕಡೆ, ಅನು ಕೂತಿದ್ದಳು. ಮಡಿಲಲ್ಲಿ ತಟ್ಟೆ, ತಟ್ಟೆಯ ಮೇಲೆ ಸಮಾಜ ವಿಜ್ಞಾನದ ಪುಸ್ತಕ. ನನ್ನನ್ನು ನೋಡಿ ಓದುವವಳ ಹಾಗೆ ಹಾಳೆ ತಿರುಗಿಸಿದಳು.

“ಹೊಟ್ಟೆ ನೋವಾ?”

“ಇಲ್ಲ.”

“ಸಾರು ಚೆನ್ನಾಗಿಲ್ವಾ?”

“ವಾಸ್ನೆ ಚೆನ್ನಾಗೈತೆ.”

ನಾನು ಪಕ್ಕದಲ್ಲಿ ಕೂತೆ. ಸುಮ್ಮನೆ ಕೂರುವುದು ನನಗೆ ಕಷ್ಟವಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು.

“ನಮ್ದು ಕೊಟ್ಟಿಲ್ಲ ಅಕ್ಕ.”

“ಏನು ಕೊಟ್ಟಿಲ್ಲ?”

“ದುಡ್ಡು. ಆಫೀಸ್ ಬಾಗ್ಲಲ್ಲಿ ಪಟ್ಟಿ ಹಾಕವ್ರಲ್ಲ, ಅದ್ರಲ್ಲಿ ನಮ್ಮಪ್ಪನ ಹೆಸ್ರಿಲ್ಲ.”

ಆ ಪಟ್ಟಿಯನ್ನು ನಾನೂ ನೋಡಿದ್ದೆ. ಇಂಗ್ಲಿಷ್ ಹೇಳಿಕೊಡಲು ಊರಿನಿಂದಲೇ ಇಟ್ಟುಕೊಂಡಿದ್ದ ಟೀಚರಿಗೆ ಸಂಬಳ, ಜನವರಿಯ ಶಾಲಾ ಹಬ್ಬಕ್ಕೆ ಶಾಮಿಯಾನ, ಕೆಟ್ಟ ಕಂಪ್ಯೂಟರ್ ರಿಪೇರಿ ಎಂದು ಒಂದು ಮನೆಗೆ ಆರುನೂರು ರೂಪಾಯಿ ಕೇಳಿ ಚೀಟಿ ಕಳಿಸಿದ್ದರು. ಕೊಟ್ಟವರ ಹೆಸರನ್ನು ಹೆಡ್‌ಮಾಸ್ಟರ್ ಜಯಕುಮಾರ್ ಮೇಷ್ಟ್ರು ಬಣ್ಣದ ಪೆನ್ನಿನಲ್ಲಿ ಬರೆದು ಬಾಗಿಲಿಗೆ ಅಂಟಿಸಿದ್ದರು. ಸುತ್ತ ಹೂವಿನ ಚಿತ್ರ ಬೇರೆ.

“ಅದಕ್ಕೂ ಊಟಕ್ಕೂ ಏನು ಸಂಬಂಧ ಅನು? ಉಣ್ಬೇಡ ಅಂತ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ನಮ್ಗೇ ಗೊತ್ತಾಗ್ಬೇಕು.” ಅಷ್ಟು ಚಿಕ್ಕ ಹುಡುಗಿ ದೊಡ್ಡವರ ಧ್ವನಿಯಲ್ಲಿ ಹೇಳಿದಳು. “ಪಾಲು ಕೊಡ್ದೆ ಎಲೆ ಮುಂದೆ ಕೂರ್ಬಾರ್ದು ಅಂತ ನಮ್ಮಪ್ಪ ಹೇಳೈತೆ.”

ಆಗ ನನಗೆ ಅರ್ಥವಾಯಿತು. ನಮ್ಮ ದೊಡ್ಡಿಯಲ್ಲಿ ವರ್ಷಕ್ಕೊಮ್ಮೆ ಬೀರೇದೇವರ ಪರ ಮಾಡುತ್ತಾರೆ. ಅಂದರೆ ಊರಿಗೆಲ್ಲ ಒಂದೇ ಕಡೆ ಊಟ. ಮನೆಗೆ ಇಷ್ಟು ಅಕ್ಕಿ, ಇಷ್ಟು ಬೆಲ್ಲ, ಇಷ್ಟು ದುಡ್ಡು ಎಂದು ಪಾಲು ಹಾಕುತ್ತಾರೆ. ಕೊಟ್ಟವರ ಹೆಸರನ್ನು ಗುಡಿಯ ಬಾಗಿಲಲ್ಲಿ ನಿಂತು ಓದುತ್ತಾರೆ. ಪಾಲು ಕೊಡಲಾಗದ ಮನೆಯವರನ್ನು ಯಾರೂ ಏನೂ ಅನ್ನುವುದಿಲ್ಲ. ಅವರೇ ಆವತ್ತು ಊಟಕ್ಕೆ ಬರುವುದಿಲ್ಲ. ಕರೆದರೂ ಬರುವುದಿಲ್ಲ. ಕುರಿ ಸಾಕುವ ಮನೆಗಳಲ್ಲಿ ಇದು ಮರ್ಯಾದೆಯ ಮಾತು. ಅನು ಅದನ್ನೇ ಶಾಲೆಗೂ ತಂದಿದ್ದಳು. ಆ ಬಾಗಿಲಲ್ಲೂ ಹೆಸರು, ಈ ಬಾಗಿಲಲ್ಲೂ ಹೆಸರು. ಅಲ್ಲಿಯ ಹಾಗೆಯೇ ಇಲ್ಲಿಯೂ ನಡೆದುಕೊಂಡಿದ್ದಳು.

“ಅವ್ವಂಗೆ ಹೇಳ್ಬೇಡ ಅಕ್ಕ. ಇಸ್ಕೂಲಲ್ಲಿ ಉಂಡಿದ್ದೀನಿ ಅಂತ ದಿನಾ ಹೇಳ್ತೀನಿ. ಆಣೆ ಮಾಡು.”

ಅವಳು ನನ್ನ ಕೈ ಹಿಡಿದುಕೊಂಡಳು. ಆ ಕೈ ತಣ್ಣಗಿತ್ತು. ನಾನು ಆಣೆ ಮಾಡಿದೆ. ಮಾಡಬಾರದಿತ್ತು.

ಸಂಜೆ ಅವರ ಮನೆಗೆ ಹೋದೆ. ಅನುವಿನ ತಾಯಿ ಪುಟ್ಟಲಕ್ಷ್ಮಮ್ಮ ಹಿಪ್ಪುನೇರಳೆ ತೋಟದ ಕೂಲಿ ಮುಗಿಸಿ ಬಂದು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಬೀರಲಿಂಗಯ್ಯ ಊರಲ್ಲಿರಲಿಲ್ಲ. ಭತ್ತದ ಕೊಯ್ಲು ಮುಗಿದ ಮೇಲೆ ಅವರು ಕುರಿ ಹೊಡೆದುಕೊಂಡು ಮದ್ದೂರಿನ ಕಡೆ ಹೋಗುತ್ತಾರೆ. ಗೊಬ್ಬರಕ್ಕೆಂದು ರೈತರು ತಮ್ಮ ಗದ್ದೆಯಲ್ಲಿ ಮಂದೆ ಕೂಡಿಸಿಕೊಳ್ಳುತ್ತಾರೆ, ಒಂದು ರಾತ್ರಿಗೆ ಇಷ್ಟು ಎಂದು ಕೊಡುತ್ತಾರೆ. ಸಂಕ್ರಾಂತಿ ಕಳೆದ ಮೇಲೆಯೇ ಅವರು ಒಮ್ಮೆ ಊರಿಗೆ ಬಂದು ಹೋಗುವುದು.

“ಏನವ್ವ ಕುಸುಮ, ದಾರಿ ತಪ್ತಾ?” ಅಂದರು ಪುಟ್ಟಲಕ್ಷ್ಮಮ್ಮ. “ಮನೆ ಮುಂದೆ ಹಾದೋದ್ರೂ ತಲೆ ಎತ್ತಿ ನೋಡ್ದೋಳಲ್ಲ ನೀನು.”

“ಅನು ವಿಷ್ಯ ಮಾತಾಡಾಣ ಅಂತ ಬಂದೆ ಅಕ್ಕ. ಆ ಆರುನೂರು ರೂಪಾಯಿ...”

ಅಷ್ಟು ಹೇಳಿದ್ದೇ ತಡ, ಅವರ ಕೈ ನಿಂತಿತು.

“ಮೇಷ್ಟ್ರು ಕಳ್ಸುದ್ರಾ ನಿನ್ನ? ವಸೂಲಿಗೆ?”

“ಇಲ್ಲಕ್ಕ, ಇಲ್ಲ...”

“ಫ್ರೀ ಇಸ್ಕೂಲಂತೆ ಫ್ರೀ! ಬಟ್ಟೆ ಕೊಟ್ರು, ಸರಿ. ಮಗೀಗೆ ಆಯ್ತಿರ್ಲಿಲ್ಲ. ಬಿಚ್ಚಿ ಹೊಲ್ಸಕ್ಕೆ ಇನ್ನೂರು. ಶನಿವಾರಕ್ಕೆ ಬಣ್ಣದ ಟೀ ಶರ್ಟು, ಮುನ್ನೂರೈವತ್ತು. ಕೊರಳಿಗೆ ಕಾರ್ಡು, ಅದ್ಕೊಂದು ದಾರ, ಎಂಬತ್ತು. ಪ್ರಾಜೆಕ್ಟು ಅಂತೆ, ಚಾರ್ಟು ಅಂತೆ, ಸ್ಕೆಚ್ ಪೆನ್ನಂತೆ. ಡ್ಯಾನ್ಸಿಗೆ ಹಾಕೀವಿ ಅಂದ್ರು, ಖುಷಿ ಆಯ್ತು. ಆಮೇಲೆ ಡ್ರೆಸ್ ಬಾಡ್ಗೆ ನಾನೂರು ಅಂದ್ರು. ಒಂದೇ ಸಲ ಇಷ್ಟು ಅಂತ ಹೇಳ್ಬುಟ್ರೆ ಒಂದು ಮರಿ ಮಾರಿ ಕೊಟ್ಟು ಕೈ ತೊಳ್ಕೋಬೋದು. ಇದು ಇವತ್ತೈವತ್ತು, ನಾಳೆ ನೂರು. ಮೀಟಿಂಗಿಗೆ ಬಾ ಅಂತಾರೆ, ಬೆಳಿಗ್ಗೆ ಹನ್ನೊಂದು ಗಂಟೆಗೆ. ಹೋದ್ರೆ ನನ್ನ ಕೂಲಿ ಹೋಯ್ತದೆ. ಅದ್ನ ಯಾರು ಕೊಡ್ತಾರೆ, ನಿಮ್ಮ ಮೇಷ್ಟ್ರಾ?”

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

“ಇರ್ಲಿ. ಇನ್ನು ಆ ತಾಪತ್ರಯನೇ ಇರಕಿಲ್ಲ” ಅಂದರು. “ಸಂಕ್ರಾಂತಿ ಆದ ಶನಿವಾರ ಅವರಪ್ಪ ಬತ್ತಾರೆ. ಟೀಸಿ ಇಸ್ಕೊಂಡು ಮಂದೆ ಹತ್ರಕ್ಕೆ ಕರ್ಕೊಂಡೋಯ್ತಾರೆ. ಕುರಿ ಮರಿ ಹಾಕವೆ, ನೋಡ್ಕೊಳಾಕೆ ಒಬ್ರು ಬೇಕಂತೆ.”

“ಓದ್ತಾಳೆ ಅಕ್ಕ ಅವಳು. ಚೆನ್ನಾಗಿ ಓದ್ತಾಳೆ.”

“ಆರು ತಿಂಗ್ಳು ಕಳೀಲಿ, ಮತ್ತೆ ಸೇರುಸ್ತೀವಿ.” ಆಮೇಲೆ ನನ್ನ ಮುಖ ನೋಡಿ ಒಂದು ಮಾತು ಅಂದರು. “ಅದೂ ಅಲ್ದೆ, ಎಂಟ್ನೇ ಕ್ಲಾಸಿಗೇ ಬುಟ್ಟೋಳು ನೀನು. ನೀನು ಬಂದು ನಂಗೆ ಓದಿನ ವಿಷ್ಯ ಹೇಳ್ತೀಯಾ?”

ಅನು ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಊಟದ ವಿಷಯ ಹೇಳದೆಯೇ ವಾಪಸು ಬಂದೆ.

ಪುಟ್ಟಲಕ್ಷ್ಮಮ್ಮ ಅಂದದ್ದು ನಿಜ. ಎಂಟನೇ ಕ್ಲಾಸಿಗೆ ನಾನು ದೂರದ ಹೈಸ್ಕೂಲಿಗೆ ಹೋಗುತ್ತಿದ್ದೆ. ಅಲ್ಲಿ ಶನಿವಾರಕ್ಕೆ ಹಸಿರು ಟೀ ಶರ್ಟು ಬೇಕಿತ್ತು. ನನ್ನ ಹತ್ತಿರ ಇರಲಿಲ್ಲ. ಆಟಕ್ಕೆ ಎಲ್ಲರೂ ಸಾಲು ನಿಂತಾಗ ಹಸಿರಿನ ನಡುವೆ ನಾನೊಬ್ಬಳೇ ಬಿಳಿ. ಮೊದಲು ಶನಿವಾರಗಳು ತಪ್ಪಿದವು. ಶನಿವಾರ ತಪ್ಪಿಸಿದ್ದಕ್ಕೆ ಕೇಳುತ್ತಾರೆ ಎಂದು ಸೋಮವಾರಗಳೂ ತಪ್ಪಿದವು. ಆರು ತಿಂಗಳು ಕಳೆಯಲಿ, ಮತ್ತೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೆ. ಬಿಟ್ಟವರೆಲ್ಲ ಮೊದಲು ಹಾಗೆಯೇ ಹೇಳುತ್ತಾರೆ. ಯಾರಾದರೂ ಬಂದು ಯಾಕಮ್ಮ ಬರಲಿಲ್ಲ ಎಂದು ಕೇಳುತ್ತಾರೆ ಎಂದು ಎಷ್ಟೋ ದಿನ ರಸ್ತೆಯ ಕಡೆ ನೋಡುತ್ತಾ ಕೂತಿದ್ದೆ. ಶಾಲೆಯ ಬಸ್ಸು ಬರುತ್ತಿತ್ತು, ನಿಲ್ಲುತ್ತಿತ್ತು, ಹೋಗುತ್ತಿತ್ತು. ಗೆಳತಿಯರು ಮೊದಮೊದಲು ಕಿಟಕಿಯಿಂದ ಕೈ ಬೀಸುತ್ತಿದ್ದರು. ಆಮೇಲೆ ಅದೂ ನಿಂತಿತು.

ಮಾರನೆಯ ದಿನ ಕೆಲಸ ಮುಗಿಸಿ ಪಂಚಾಯಿತಿ ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಮೇಲ್ವಿಚಾರಕಿ ಲತಾಮಣಿ. ನಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಬರೆಯುವವರೂ ಅವರೇ. ಏನು ಕೇಳಿದರೂ ಗೊತ್ತಿದ್ದರೆ ಹೇಳುತ್ತಾರೆ, ಗೊತ್ತಿಲ್ಲದಿದ್ದರೆ ಹುಡುಕಿ ಹೇಳುತ್ತಾರೆ. ಅವರ ಮುಂದೆ ಎಲ್ಲವನ್ನೂ ಹೇಳಿದೆ. ನಾನು ಅಷ್ಟು ಉದ್ದ ಮಾತಾಡಿದ್ದು ಎಷ್ಟೋ ವರ್ಷದಲ್ಲಿ ಅದೇ ಮೊದಲು.

ಲತಾಮಣಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ನಕ್ಕರು.

“ಕೂತ್ಕೊ ಮಾರಾಯ್ತಿ. ನಿಂತ್ಕೊಂಡೇ ಎಲ್ಲ ಹೇಳ್ಬುಟ್ಟೆ. ಈಗ ನಾನು ಒಸಿ ಹೇಳ್ತೀನಿ, ಕೇಳು. ಆರು ವರ್ಷದಿಂದ ಹದಿನಾಲ್ಕು ವರ್ಷದ ತನಕ ಮಕ್ಕಳು ಓದೋದು ಹಕ್ಕು ಅಂತ ಕಾನೂನೇ ಐತೆ. ಸರ್ಕಾರಿ ಶಾಲೇಲಿ ಒಂದರಿಂದ ಎಂಟರ ತನಕ ಫೀಸು ಅನ್ನೋದೇ ಇಲ್ಲ. ಓದಾಕೆ ಅಡ್ಡ ಆಗೋ ಅಂಥ ಯಾವ ಖರ್ಚನ್ನೂ ಮಗು ಮೇಲೆ ಹಾಕಂಗಿಲ್ಲ.”

“ಮತ್ತೆ ಈ ಆರುನೂರು?”

“ಅದು ದಾನ. ಮನಸ್ಸಿದ್ದೋರು ಕೊಡ್ಬೋದು, ಇಲ್ದೋರು ಬುಡ್ಬೋದು. ಕೊಟ್ರೆ ರಸೀತಿ ಇಸ್ಕೋಬೇಕು. ಕೊಡ್ಲಿಲ್ಲ ಅಂತ ಹೆಸರು ಹೊಡೆಯೋದು, ಪರೀಕ್ಷೆಗೆ ಕೂರುಸ್ದೆ ಇರೋದು, ಟೀಸಿ ತಡೆಯೋದು, ಯಾವ್ದೂ ಮಾಡಂಗಿಲ್ಲ. ಹೈಸ್ಕೂಲಿಗೆ ಹೋದ್ರೆ ಒಂಬತ್ತು, ಹತ್ತಕ್ಕೆ ಸಣ್ಣಪುಟ್ಟ ಫೀಸು ಇದ್ದಾತು. ಅದಕ್ಕೂ ರಸೀತಿ ಕೇಳ್ಬೇಕು.”

“ಮೇಷ್ಟ್ರು ಕೆಟ್ಟೋರಲ್ಲ ಅಕ್ಕ. ಟೀಚರಿಗೆ ಸಂಬಳ ಕೊಡಾಕೆ ಅವ್ರೂ ಪರದಾಡ್ತಾರೆ.”

“ಕೆಟ್ಟೋರು ಅಂತ ನಾನೆಲ್ಲಿ ಅಂದೆ? ಶಾಲೆಗೆ ದುಡ್ಡು ಸಾಲಕಿಲ್ಲ, ನಿಜ. ಅದ್ನ ಪೋಷಕರು ಇರೋ ಎಸ್‌ಡಿಎಂಸಿ ಸಮಿತೀಲಿ ಇಡ್ಬೇಕು, ಪಂಚಾಯ್ತಿ ಹತ್ರ ಕೇಳ್ಬೇಕು, ಇಲಾಖೆಗೆ ಬರೀಬೇಕು. ಮಗೀನ ಚೀಲದಲ್ಲಿ ಚೀಟಿ ಇಟ್ಟು ಕಳ್ಸೋದಲ್ಲ.”

“ಕಾನೂನು ಹೇಳಿದ್ರೆ ಬೀರಲಿಂಗಣ್ಣ ಒಪ್ಪಲ್ಲ ಅಕ್ಕ. ಅವ್ರಿಗೆ ಪಾಲು ಕೊಡ್ದೆ ಉಣ್ಣೋದೇ ತಪ್ಪು.”

“ಯಾರು ಪಾಲು ಕೊಟ್ಟಿಲ್ಲ ಅಂದೋರು?” ಲತಾಮಣಿ ಮೇಜು ಕುಟ್ಟಿದರು. “ಆ ವಯ್ಯ ಸೋಪು ತಗೊಳಲ್ವಾ? ಚಪ್ಪಲಿ ತಗೊಳಲ್ವಾ? ಫೋನಿಗೆ ಕರೆನ್ಸಿ ಹಾಕ್ಸಲ್ವಾ? ಎಲ್ಲದ್ರಲ್ಲೂ ಸರ್ಕಾರಕ್ಕೆ ತೆರಿಗೆ ಹೋಯ್ತದೆ. ಶಾಲೆ ಅಕ್ಕಿ, ಬೇಳೆ, ನಿನ್ನ ಸಂಬಳ, ಮೇಷ್ಟ್ರ ಸಂಬಳ, ಎಲ್ಲ ಅಂಥ ದುಡ್ಡೇ. ಅವರ ಪಾಲು ಯಾವತ್ತೋ ಸಂದೈತೆ. ಇದ್ನ ಹೇಳು ಹೋಗಿ.”

“ಅವ್ರು ಬರೋ ಶನಿವಾರ ನೀವೇ ಬನ್ನಿ ಅಕ್ಕ. ನಂಗೆ ಮಾತು ಬರಲ್ಲ.”

“ಆವತ್ತು ನಂಗೆ ರಾಮನಗರದಲ್ಲಿ ಮೀಟಿಂಗು. ಅದೂ ಅಲ್ದೆ, ನಾನು ಹೇಳುದ್ರೆ ಲೈಬ್ರರಿಯೋಳು ಪುಸ್ತಕದ ಮಾತಾಡ್ತಾಳೆ ಅಂತಾರೆ. ತಟ್ಟೆ ನೋಡ್ದೋಳು ನೀನು.”

ಆ ಶನಿವಾರ ಬಂತು. ಬೆಳಿಗ್ಗೆ ಹತ್ತು ಗಂಟೆಗೆ ಬೀರಲಿಂಗಯ್ಯ ಶಾಲೆಗೆ ಬಂದರು. ಹೆಗಲ ಮೇಲೆ ಕಂಬಳಿ, ಕಾಲಲ್ಲಿ ಗದ್ದೆಯ ಮಣ್ಣು. ಹಿಂದೆ ಪುಟ್ಟಲಕ್ಷ್ಮಮ್ಮ. ಅವರ ಹಿಂದೆ ಅನು, ಚೀಲ ಹಾಕಿಕೊಂಡು. ಅವತ್ತು ಚೀಲ ಬೇಕಿರಲಿಲ್ಲ. ಆದರೂ ಹಾಕಿಕೊಂಡು ಬಂದಿದ್ದಳು.

ಜಯಕುಮಾರ್ ಮೇಷ್ಟ್ರು ನನ್ನನ್ನು ಕರೆದು ಟೀ ತರಲು ಹೇಳಿದರು. ನಾನು ತಂದಾಗ ಮಾತು ನಡೆಯುತ್ತಿತ್ತು.

“ಬೀರಲಿಂಗಯ್ಯನವರೇ, ಪರೀಕ್ಷೆ ಎರಡು ತಿಂಗಳು ಇದೆ. ಜನವರಿಯಲ್ಲಿ ಯಾರಾದರೂ ಟೀಸಿ ಕೇಳ್ತಾರಾ?”

“ನಮ್ಗೆ ಆಳಿಲ್ಲ ಸ್ವಾಮಿ. ಬರ್ದುಕೊಡಿ, ಹೋಯ್ತೀವಿ.”

“ಮೊದಲು ಟೀ ತಗೊಳ್ಳಿ.”

ನಾನು ತಟ್ಟೆ ಮುಂದೆ ಹಿಡಿದೆ. ಬೀರಲಿಂಗಯ್ಯ ಕೈ ಮುಗಿದು ಹಿಂದೆ ಸರಿದರು.

“ಬೇಡ ಕಣವ್ವ. ಈ ಮನೇಲಿ ನಂದು ಪಾಲಿಲ್ಲ.”

ಅನು ತೊಟ್ಟಿಯ ಹಿಂದೆ ಕೂತು ಹೇಳಿದ ಮಾತೇ ಅದು. ಮೇಷ್ಟ್ರು ಟೀಸಿ ಪುಸ್ತಕ ತೆಗೆದರು. ಪೆನ್ನಿನ ಮುಚ್ಚಳ ತೆಗೆದರು. ಇನ್ನು ಒಂದು ಸಾಲು ಬರೆದರೆ ಮುಗಿಯಿತು.

“ಸಾರ್” ಅಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಇನ್ನೊಂದು ಸಲ ಅಂದೆ. “ಸಾರ್, ಅನು ಆರು ವಾರದಿಂದ ಇಲ್ಲಿ ಉಂಡಿಲ್ಲ.”

ಎಲ್ಲರೂ ನನ್ನ ಕಡೆ ತಿರುಗಿದರು. ಅನುವೂ ತಿರುಗಿದಳು. ಅವಳ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ.

“ಏನು ಹಂಗಂದ್ರೆ?” ಅಂದರು ಪುಟ್ಟಲಕ್ಷ್ಮಮ್ಮ. “ದಿನಾ ಉಂಡೆ ಅಂತಾಳಲ್ಲ!”

“ನೀರಿನ ತೊಟ್ಟಿ ಹಿಂದೆ ಕೂರ್ತಾಳೆ. ಎಲ್ರೂ ಉಂಡಾದ್ಮೇಲೆ ಬಂದು ಖಾಲಿ ತಟ್ಟೆ ತೊಳೀತಾಳೆ. ಆ ಪಟ್ಟೀಲಿ ಅಪ್ಪನ ಹೆಸ್ರಿಲ್ಲ ಅಂತ.”

“ಅಯ್ಯೋ ನನ್ನ ಕಂದ!” ಪುಟ್ಟಲಕ್ಷ್ಮಮ್ಮ ಮಗಳ ಭುಜ ಹಿಡಿದರು. “ಬೆಳಿಗ್ಗೆ ಒಂದು ಮುದ್ದೆ ಉಂಡೋಳು ಸಂಜೆ ತನಕ ಹಂಗೇ ಇದ್ಯಾ? ಯಾರು ಹೇಳುದ್ರು ನಿಂಗೆ ಉಣ್ಬೇಡ ಅಂತ? ಮೇಷ್ಟ್ರು ಹೇಳುದ್ರಾ?”

“ನಾನು ಹೇಳಿಲ್ಲಮ್ಮ!” ಮೇಷ್ಟ್ರು ಎದ್ದು ನಿಂತರು. “ದೇವರಾಣೆ ಹೇಳಿಲ್ಲ.”

ಅನು ಅಪ್ಪನನ್ನು ನೋಡಿದಳು. “ನೀನೇ ಹೇಳ್ದಲ್ಲಪ್ಪ. ಪಾಲು ಕೊಡ್ದೆ ಎಲೆ ಮುಂದೆ ಕೂರ್ಬಾರ್ದು ಅಂತ.”

ಬೀರಲಿಂಗಯ್ಯ ಬಾಗಿಲ ಪಕ್ಕ ಹಾಗೆಯೇ ನೆಲದ ಮೇಲೆ ಕುಸಿದು ಕೂತರು. “ನಾನು ದೇವ್ರ ಪರದ ಮಾತಾಡ್ದೆ ಕಣವ್ವ” ಅಂದರು.

ಆಮೇಲೆ ಪುಟ್ಟಲಕ್ಷ್ಮಮ್ಮನೇ ಹೇಳಿದರು. “ಆಳಿಲ್ಲ ಅನ್ನೋದು ನೆಪ ಸಾರ್. ಇವ್ರ ತಮ್ಮ ಅವ್ನೆ ಮಂದೆ ಹತ್ರ. ಆ ಬಾಗ್ಲ ಮುಂದೆ ತಲೆ ಬಗ್ಗುಸ್ಕೊಂಡು ಓಡಾಡಕ್ಕಿಂತ ಬುಡ್ಸೋದೇ ಮೇಲು ಅಂತ ಫೋನಲ್ಲಿ ಅಂದ್ರು. ನಾನೂ ಹೂಂ ಅಂದೆ. ಉಣ್ದೆ ಕೂತವಳೆ ಅಂತ ಯಾರಿಗ್ ಗೊತ್ತಿತ್ತು?”

ಬೀರಲಿಂಗಯ್ಯ ತಲೆ ಎತ್ತಿದರು. “ಸರಿ. ಆದ್ರೆ ಕೊಡ್ದೆ ಉಣ್ಣೋದು ಹೆಂಗೆ? ಊರೋರು ಕೊಟ್ಟವ್ರೆ. ನಾನು ಕೊಟ್ಟಿಲ್ಲ. ಅವ್ರ ಅನ್ನ ನನ್ನ ಮಗ್ಳು ಉಣ್ಣೋದಾ?”

“ಊರೋರ ಅನ್ನ ಅಲ್ಲಣ್ಣ ಅದು” ಅಂದೆ. “ನಿಮ್ದೂ ಪಾಲು ಸಂದೈತೆ.”

“ನಾನು ಯಾವಾಗ ಕೊಟ್ಟೆ?”

“ಸೋಪು ತಗೊಂಡಾಗ. ಚಪ್ಪಲಿ ತಗೊಂಡಾಗ. ಫೋನಿಗೆ ದುಡ್ಡು ಹಾಕ್ಸಿದಾಗ. ಎಲ್ಲದ್ರಲ್ಲೂ ಸರ್ಕಾರಕ್ಕೆ ಒಸಿ ಹೋಯ್ತದೆ ಅಣ್ಣ. ಆ ದುಡ್ಡಲ್ಲೇ ಅಕ್ಕಿ ಬರೋದು. ಸಾರ್‌ನೇ ಕೇಳಿ ಬೇಕಾರೆ.”

ಬೀರಲಿಂಗಯ್ಯ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟರು.

“ಕುಸುಮ ಹೇಳಿದ್ದು ಸರಿ. ಅಕ್ಕಿ, ಬೇಳೆ, ಹಾಲು, ಮೊಟ್ಟೆ ಇವು ಯಾವುದಕ್ಕೂ ಈ ಆರುನೂರಕ್ಕೂ ಸಂಬಂಧ ಇಲ್ಲ. ಆ ಆರುನೂರೂ ಕಡ್ಡಾಯ ಅಲ್ಲ.”

“ಚೀಟೀಲಿ ಹಂಗೆ ಬರೆದಿರಲಿಲ್ಲವಲ್ಲ ಸಾರ್” ಅಂದೆ. ಇಷ್ಟು ಹೇಳಿದ ಮೇಲೆ ಇದನ್ನೂ ಹೇಳದೆ ಇರುವುದು ತಪ್ಪು ಅನ್ನಿಸಿತು.

ಮೇಷ್ಟ್ರ ಮುಖ ಕೆಂಪಾಯಿತು. ಬೈಯುತ್ತಾರೆ ಅಂದುಕೊಂಡೆ. “ಬರೆದಿರಲಿಲ್ಲ” ಅಂದರು. “ಇಷ್ಟ ಇದ್ರೆ ಕೊಡಿ ಅಂದ್ರೆ ಯಾರೂ ಕೊಡಲ್ಲ ಅಂತ ಬಿಟ್ಟೆ. ಆ ಟೀಚರಿಗೆ ಮೂರು ತಿಂಗಳು ನನ್ನ ಕೈಯಿಂದ ಕೊಟ್ಟಿದ್ದೀನಿ. ಕೊಟ್ಟೋರಿಗೆ ಸಂತೋಷ ಆಗ್ಲಿ ಅಂತ ಹೆಸರು ಹಾಕಿದೆ. ಅಲ್ಲಿ ಇಲ್ಲದ ಹೆಸರನ್ನೂ ಓದೋರು ಇರ್ತಾರೆ ಅಂತ ಹೊಳೀಲೇ ಇಲ್ಲ.”

ಅವರು ಹೊರಗೆ ಹೋಗಿ ಪಟ್ಟಿಯನ್ನು ಕಿತ್ತರು. ಟೇಪಿನ ಜೊತೆ ಬಾಗಿಲ ಬಣ್ಣವೂ ಸ್ವಲ್ಪ ಕಿತ್ತು ಬಂತು.

ಅಷ್ಟರಲ್ಲಿ ಅಡುಗೆ ಮನೆಯಿಂದ ಸರಸಮ್ಮ ಕೂಗಿದರು. “ಏಯ್ ಕುಸುಮಾ! ಟೀ ಕೊಡಾಕೆ ಹೋದೋಳು ಅಲ್ಲೇ ಸಂಸಾರ ಹೂಡ್ಬುಟ್ಟಾ? ಉಪ್ಪಿಟ್ಟು ತಳ ಹತ್ತೈತೆ ಇಲ್ಲಿ!”

ಪುಟ್ಟಲಕ್ಷ್ಮಮ್ಮ ಕಣ್ಣೀರಲ್ಲೇ ನಕ್ಕರು. ಬೀರಲಿಂಗಯ್ಯ ಎದ್ದರು. “ಟೀಸಿ ಬೇಡ ಸ್ವಾಮಿ” ಅಂದರು. ತಣ್ಣಗಾಗಿದ್ದ ಟೀ ಲೋಟ ಕೈಗೆ ತೆಗೆದುಕೊಂಡು, ನಿಂತುಕೊಂಡೇ ಒಂದೇ ಗುಟುಕಿಗೆ ಕುಡಿದರು. ಆಮೇಲೆ ಮೀಸೆ ಒರೆಸಿಕೊಂಡು ಅಂದರು, “ಊರಿಗೆ ಕುರಿ ಹೊಡ್ಕೊಂಡು ಬಂದಾಗ ನಿಮ್ಮ ಇಸ್ಕೂಲ್ ತೋಟದಲ್ಲಿ ಒಂದು ರಾತ್ರಿ ನನ್ನ ಮಂದೆ ಕೂಡುಸ್ತೀನಿ. ಸೊಪ್ಪು, ಬದ್ನೆ ಚೆನ್ನಾಗಿ ಬತ್ತದೆ.”

“ಕೊಡಲೇಬೇಕು ಅಂತ ಇಲ್ಲ ಬೀರಲಿಂಗಯ್ಯನವರೇ.”

“ಗೊತ್ತಾಯ್ತು ಸ್ವಾಮಿ. ಇದು ನನ್ನಿಷ್ಟಕ್ಕೆ.”

“ಹಿಕ್ಕೆ ನಾನು ಗುಡ್ಸಾಕಿಲ್ಲ, ಈಗ್ಲೇ ಹೇಳಿದ್ದೀನಿ!” ಎಂದು ಸರಸಮ್ಮ ಅಲ್ಲಿಂದಲೇ ಕೂಗಿದರು.

ಅದಾದ ಮೇಲೆ ಶಾಲೆಯಲ್ಲಿ ಕೆಲವು ಬದಲಾವಣೆಗಳಾದವು. ಎಲ್ಲವೂ ಅಲ್ಲ. ಪೋಷಕರ ಸಭೆಯನ್ನು ಭಾನುವಾರ ಸಂಜೆಗೆ ಹಾಕಿದರು. ಮೊದಲ ಸಭೆಗೆ ಹದಿನಾಲ್ಕೇ ಜನ ಬಂದರು. ಪುಟ್ಟಲಕ್ಷ್ಮಮ್ಮ ಮುಂದಿನ ಸಾಲಿನಲ್ಲಿ ಕೂತು, ಟೀ ಶರ್ಟು ಯಾಕೆ ಬೇಕು ಎಂದು ಕೇಳಿದರು. ಎಲ್ಲರೂ ಸೇರಿ ಬೇಡ ಎಂದು ಬರೆದು ಸಹಿ ಹಾಕಿದರು. ಡ್ಯಾನ್ಸಿನವರು ಇದ್ದ ಬಟ್ಟೆಯಲ್ಲೇ ಕುಣಿದರು. ಇನ್ನು ಮುಂದೆ ಚೀಟಿ ಕಳಿಸಿದರೆ ‘ಇದು ಕಡ್ಡಾಯವಲ್ಲ’ ಎಂದು ಮೊದಲ ಸಾಲಿನಲ್ಲೇ ಬರೆಯಬೇಕು ಎಂದಾಯಿತು. ಇಂಗ್ಲಿಷ್ ಟೀಚರ ಸಂಬಳಕ್ಕೆ ಪಂಚಾಯಿತಿಗೂ ಇಲಾಖೆಗೂ ಅರ್ಜಿ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ. ಲತಾಮಣಿ ವಾರಕ್ಕೊಮ್ಮೆ ವಿಚಾರಿಸುತ್ತಿದ್ದಾರೆ.

ಅನು ಸಾಲಿನಲ್ಲಿ ಕೂರುತ್ತಾಳೆ. ಆಣೆ ಮುರಿದದ್ದಕ್ಕೆ ಎರಡು ವಾರ ನನ್ನೊಡನೆ ಮಾತಾಡಲಿಲ್ಲ. ನಾನು ಸಾರು ಹಾಕುವಾಗ ಮುಖ ಆಚೆ ತಿರುಗಿಸುತ್ತಿದ್ದಳು. ಪಕ್ಕದ ಮಕ್ಕಳೆಲ್ಲ ‘ಅಕ್ಕ, ಅಕ್ಕ’ ಅನ್ನುವಾಗ ಅವಳೊಬ್ಬಳದೇ ಮೌನ. ನನಗೆ ಸಂಕಟವಾಗುತ್ತಿತ್ತು. ಆದರೆ ಉಣ್ಣುತ್ತಿದ್ದಳು. ಅಷ್ಟು ಸಾಕು ಅಂದುಕೊಂಡು ಮುಂದಿನ ತಟ್ಟೆಗೆ ಹೋಗುತ್ತಿದ್ದೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಸಂಘದಲ್ಲಿ ಕೂತು ಕೇಳುತ್ತಿರುವ ತಾಯಂದಿರೇ, ನಿಮ್ಮ ಮಗುವಿನ ಚೀಲದಲ್ಲಿ ದುಡ್ಡಿನ ಚೀಟಿ ಬಂದರೆ ಹೆದರಬೇಡಿ, ಬಚ್ಚಿಡಬೇಡಿ. ಶಾಲೆಗೆ ಹೋಗಿ ಎರಡೇ ಮಾತು ಕೇಳಿ: ಇದು ಯಾವುದಕ್ಕೆ, ಕೊಡಲೇಬೇಕಾ? ಕೊಡುವ ಮನಸ್ಸಿದ್ದರೆ ಕೊಟ್ಟು ರಸೀತಿ ತೆಗೆದುಕೊಳ್ಳಿ. ಕೊಡಲಾಗದಿದ್ದರೆ ಆಗುವುದಿಲ್ಲ ಎಂದು ಹೇಳಿ. ಅದರಲ್ಲಿ ಅವಮಾನವಿಲ್ಲ. ಸರ್ಕಾರಿ ಶಾಲೆಯ ಎಂಟನೇ ಕ್ಲಾಸಿನವರೆಗಿನ ಓದೂ ಊಟವೂ ನಿಮ್ಮ ಮಗುವಿನ ಹಕ್ಕು, ಯಾರ ದಾನವೂ ಅಲ್ಲ. ಶಾಲೆಯಲ್ಲಿ ಕೇಳದಿದ್ದರೆ ಎಸ್‌ಡಿಎಂಸಿಯವರಿಗೆ ಹೇಳಿ. ಅಲ್ಲಿಯೂ ಆಗದಿದ್ದರೆ ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆದು ಕೊಡಿ. ಮಗುವಿಗೆ ತೊಂದರೆಯಾಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಅದಕ್ಕೆ ದುಡ್ಡು ಬೀಳುವುದಿಲ್ಲ.

ಒಬ್ಬರೇ ಹೋಗಲು ನಾಚಿಕೆಯಾದರೆ ಇಬ್ಬರು ಹೋಗಿ. ಮಾತು ಬರದಿದ್ದರೆ ನೋಡಿದ್ದನ್ನು ನೋಡಿದ ಹಾಗೆ ಹೇಳಿ, ಸಾಕು. ಮತ್ತೆ ನಿಮ್ಮ ಬೀದಿಯಲ್ಲಿ ಯಾವುದಾದರೂ ಮಗು ಎರಡು ದಿನದಿಂದ ಶಾಲೆಗೆ ಹೋಗಿಲ್ಲ ಎಂದು ಕಂಡರೆ, ಇವತ್ತು ಸಂಜೆಯೇ ಆ ಮನೆಗೆ ಹೋಗಿ ಯಾಕಮ್ಮ ಎಂದು ಕೇಳಿ. ಒಳಗೆ ಕೂತಿರುವ ಮಗು ನೀವು ಕೇಳಲಿ ಎಂದು ಕಾಯುತ್ತಿರುತ್ತದೆ.